ಕಂಬಿಲಿ ನುಂಗಿಕೊಂಡ ಮಾತಿನ ಲೆಕ್ಕ: ‘ಪರ್ಪಲ್ ಹೈಬಿಸ್ಕಸ್’ ಪಾಠ ಮಾಡುವ ಬಗೆ

11ನೇ ತರಗತಿಯ ಇಂಗ್ಲಿಷ್ ಸಾಹಿತ್ಯಕ್ಕೆ ‘ಪರ್ಪಲ್ ಹೈಬಿಸ್ಕಸ್’ ತೆಗೆದುಕೊಂಡಾಗ ನಾನು 40 ನಿಮಿಷದ 24 ಪೀರಿಯಡ್ ಎತ್ತಿಡುತ್ತೇನೆ. ವಾರಕ್ಕೆ ನಾಲ್ಕರಂತೆ ಆರು ವಾರ. ನೈಜೀರಿಯಾದ ಚಿಮಮಾಂಡ ಎನ್ಗೋಜಿ ಅಡೀಚಿಯವರ ಈ ಮೊದಲ ಕಾದಂಬರಿ ಬಂದದ್ದು 2003ರಲ್ಲಿ. ಸುಮಾರು 300 ಪುಟ, ಸರಳ ಇಂಗ್ಲಿಷು, ಚುರುಕಾದವರು ಒಂದೇ ವಾರದಲ್ಲಿ ಓದಿ ಮುಗಿಸುತ್ತಾರೆ. ತೊಡಕಿರುವುದೂ ಅಲ್ಲೇ. ಕಥೆ ಗೊತ್ತಾದ ಮರುಗಳಿಗೆಯೇ ‘ಕ್ರೂರಿ ಅಪ್ಪ, ಬಡಪಾಯಿ ಮಗಳು, ಕೊನೆಗೆ ಬಿಡುಗಡೆ’ ಎಂದು ಗಂಟು ಕಟ್ಟಿ ಪಕ್ಕಕ್ಕಿಡುತ್ತಾರೆ. ಕಥೆ ಹೇಳುವ ಹದಿನೈದರ ಹುಡುಗಿ ಕಂಬಿಲಿ ಏನನ್ನು ಹೇಳದೆ ನುಂಗುತ್ತಿದ್ದಾಳೆ ಎಂಬುದು ಕಣ್ಣಿಗೇ ಬೀಳುವುದಿಲ್ಲ. ನನ್ನ ಪಾಠವೆಲ್ಲ ನಿಂತಿರುವುದು ಆ ನುಂಗಿದ ಮಾತಿನ ಮೇಲೆ.

ಮೊದಲ ದಿನವೇ ಆಫ್ರಿಕಾದ ನಕ್ಷೆ, ಪ್ರೊಜೆಕ್ಟರು, ವಸಾಹತು ಇತಿಹಾಸ ಎಂದು ಹೊರಟರೆ ಪಾಠ ಅರ್ಧ ಕೆಟ್ಟಿತು ಎಂದೇ ಲೆಕ್ಕ. ಮಕ್ಕಳು ಕಾದಂಬರಿಯನ್ನು ‘ಆಫ್ರಿಕಾದ ಸಮಸ್ಯೆ’ಗೆ ಉದಾಹರಣೆಯಾಗಿ ಓದತೊಡಗುತ್ತಾರೆ. ಎನುಗು ಊರಿನ ಆ ಮನೆಯೋ ಎತ್ತರದ ಕಾಂಪೌಂಡು, ಡ್ರೈವರ್, ಕಾರ್ಖಾನೆ, ಪತ್ರಿಕೆ ಎಲ್ಲ ಇರುವ ಸಿರಿವಂತರ ಮನೆ. ಹಸಿವಿನ ಚಿತ್ರಗಳನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗೆ ಅದು ಮೊದಲು ಕಾಣಲಿ. ಅದಕ್ಕೇ ಮೊದಲ ಪೀರಿಯಡ್ಡಿನಲ್ಲಿ ಮೊದಲ ಪುಟ ಮಾತ್ರ. ನಾನೊಮ್ಮೆ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಇಬ್ಬರು ವಿದ್ಯಾರ್ಥಿಗಳು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಮಗ ಜಾಜಾ ಚರ್ಚಿನಲ್ಲಿ ಪರಮಪ್ರಸಾದ ಸ್ವೀಕರಿಸಲಿಲ್ಲ ಎಂದು ಅಪ್ಪ ದಪ್ಪನೆಯ ಪೂಜಾಪುಸ್ತಕ ಬೀಸಿ ಒಗೆಯುತ್ತಾನೆ, ಶೋಕೇಸಿನ ಪುಟ್ಟ ಗೊಂಬೆಗಳು ಒಡೆಯುತ್ತವೆ. ‘ಯಾರು ಏನೂ ಮಾತಾಡಲಿಲ್ಲ?’ ಎಂಬ ಒಂದೇ ಪ್ರಶ್ನೆ ಕೇಳಿ ಬಿಡುತ್ತೇನೆ. ಆ ಮೊದಲ ವಾಕ್ಯದಲ್ಲೇ ನೈಜೀರಿಯಾದ ಹಿರಿಯ ಲೇಖಕ ಅಚೆಬೆಯವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನ ಹೆಸರು ಅಡಗಿದೆ. ಅದನ್ನು ಹೇಳುವುದು ಆರನೇ ವಾರ. ಮೊದಲೇ ಹೇಳಿದರೆ ಬರೆದುಕೊಳ್ಳುತ್ತಾರೆ, ಅಷ್ಟೆ.

ಎರಡನೇ ದಿನ ನೋಟ್‌ಬುಕ್ಕಿನ ಕೊನೆಯ ಹತ್ತು ಹಾಳೆ ಬಿಡಿಸಿ ಮೂರು ಕಾಲಂ ಗೆರೆ ಎಳೆಸುತ್ತೇನೆ: ‘ಮನಸ್ಸಿಗೆ ಬಂದದ್ದು’, ‘ಬಾಯಿಂದ ಬಂದದ್ದು’, ‘ಎದುರಿಗಿದ್ದವರು’. ಮೊದಲ ನಮೂದನ್ನು ಎಲ್ಲರೂ ಒಟ್ಟಿಗೆ ಮಾಡುತ್ತೇವೆ. ಅದೇ ಭಾನುವಾರ ಅಪ್ಪನ ಕಾರ್ಖಾನೆಯ ಹೊಸ ಗೇರುಹಣ್ಣಿನ ಜ್ಯೂಸ್ ಊಟದ ಮೇಜಿಗೆ ಬರುತ್ತದೆ. ಕಂಬಿಲಿಯ ನಾಲಿಗೆಗೆ ಅದು ನೀರು ನೀರು. ಹೊಗಳಿದರೆ ಅಪ್ಪ ಅಣ್ಣನಿಗೆ ಕೊಡಬೇಕಾದ ಶಿಕ್ಷೆ ಮರೆತಾನು ಎಂಬ ಆಸೆಯಿಂದ ಹೊಗಳುತ್ತಾಳೆ. ಮೊದಲ ಕಾಲಂ: ‘ನೀರು’. ಎರಡನೆಯದು: ‘ತುಂಬಾ ಚೆನ್ನಾಗಿದೆ’. ಮೂರನೆಯದು: ‘ಅಪ್ಪ’. ಅದೇ ಮೇಜಿನಲ್ಲಿ ಜಾಜಾ ಮಾತ್ರ ಬಾಯಲ್ಲಿ ಮಾತಿಲ್ಲ ಎಂದು ಕೂರುತ್ತಾನೆ. ಅವನ ಹೆಸರಿಗೂ ಒಂದು ಹಾಳೆ ತೆಗೆದಿಡಿ ಎನ್ನುತ್ತೇನೆ. ಸದ್ಯ ಅದು ಖಾಲಿ.

ವಾರಕ್ಕೆ ಐದು ನಮೂದು ಸಾಕು. ಹತ್ತು ಕೇಳಿದರೆ ಪಕ್ಕದವರದನ್ನು ನಕಲು ಮಾಡುತ್ತಾರೆ.

ಮಕ್ಕಳು ಖಂಡಿತ ದಾರಿ ತಪ್ಪುವುದು ಕಾಲಕ್ರಮದಲ್ಲಿ. ನಾಲ್ಕು ಭಾಗಗಳಲ್ಲಿ ಮೊದಲನೆಯದು ಗರಿಗಳ ಭಾನುವಾರ, ಎರಡನೆಯದು ಅದಕ್ಕೂ ಹಿಂದಿನ ತಿಂಗಳುಗಳು, ಮೂರನೆಯದು ಆ ಭಾನುವಾರದ ನಂತರ, ಕೊನೆಯದು ವರ್ತಮಾನ. ಎರಡನೆಯದೇ ಪುಸ್ತಕದ ಬಹುಪಾಲು ನುಂಗಿದೆ, ಹಾಗಾಗಿ ಅದು ಹಿಂದಕ್ಕೆ ಹೋದ ಕಥೆ ಎಂಬುದೇ ಮರೆತುಹೋಗುತ್ತದೆ. ತಾಯಿಯ ಗರ್ಭಪಾತವನ್ನು ಗೊಂಬೆ ಒಡೆದ ಮೇಲಿನ ಘಟನೆ ಎಂದು ಪರೀಕ್ಷೆಯಲ್ಲಿ ಬರೆಯುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಕಪ್ಪುಹಲಗೆಯ ಮೇಲೆ ನೈಲಾನ್ ದಾರ ಕಟ್ಟಿ, ಮಧ್ಯದಲ್ಲಿ ಕೆಂಪು ಚೀಟಿಯೊಂದನ್ನು ‘ಭಾನುವಾರ’ ಎಂದು ನೇತುಹಾಕಿ, ಪ್ರತಿ ಘಟನೆಯ ಚೀಟಿಯನ್ನೂ ಅದರ ಎಡಕ್ಕೋ ಬಲಕ್ಕೋ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಮುಗಿಯಿತು. ಪೆನ್ನಿನಲ್ಲಿ ಬರೆದ ಚಾರ್ಟ್ ಬೇಡ. ತಪ್ಪಾದರೆ ಸರಿಸಲು ಬರಬೇಕು.

ಕ್ಯಾಥೋಲಿಕ್ ಶಬ್ದಗಳಿಗೆ ಇಂಗ್ಲಿಷ್ ನಿಘಂಟು ಹುಡುಕಬೇಕಾಗಿಲ್ಲ. ಬಲಿಪೂಜೆ, ಪಾಪನಿವೇದನೆ, ಜಪಮಾಲೆ, ಗರಿಗಳ ಭಾನುವಾರ ಎಲ್ಲವೂ ಕನ್ನಡದ ಚರ್ಚುಗಳಲ್ಲಿ ದಿನವೂ ಬಳಕೆಯಲ್ಲಿವೆ. ತರಗತಿಯಲ್ಲಿ ಒಬ್ಬ ಕ್ರೈಸ್ತ ವಿದ್ಯಾರ್ಥಿ ಇದ್ದರೆ ವಿವರಿಸುವ ಹೊರೆಯನ್ನೆಲ್ಲ ಅವರ ತಲೆಗೆ ಹೊರಿಸಬಾರದು. ‘ನಿಮ್ಮ ಮನೆಯಲ್ಲೂ ಹೀಗೇನಾ’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅದನ್ನು ಬಾರದಂತೆ ತಡೆಯುವುದು ಮೇಷ್ಟರ ಕೆಲಸ.

ನನಗೆ ಹೆಚ್ಚು ಫಲ ಕೊಟ್ಟ ಪಾಠ ಗಡಿಯಾರದ್ದು. ನಿಮಿಷಗಳನ್ನು ಮಾತ್ರ ಹುಡುಕಿ ತರಲು ಹೇಳುತ್ತೇನೆ. ಊಟಕ್ಕೆ ಮುಂಚೆ ಅಪ್ಪ ಮಾಡುವ ಪ್ರಾರ್ಥನೆ 20 ನಿಮಿಷ. ಹಳೆಯ ಧರ್ಮ ಬಿಡದ ಅಜ್ಜನನ್ನು ನೋಡಿ ಬರಲು ಮಕ್ಕಳಿಗೆ ಸಿಗುವುದು 15 ನಿಮಿಷ. 25 ನಿಮಿಷ ಇದ್ದಿರಂತೆ ಎಂದು ಡ್ರೈವರ್ ಕೊಟ್ಟ ವರದಿಯ ಮೇಲೆ ವಿಚಾರಣೆ. ಗೋಡೆಯ ಮೇಲೆ ಅಪ್ಪನೇ ಬರೆದ ದಿನಚರಿ ಪಟ್ಟಿ. ಇದನ್ನೆಲ್ಲ ಹಲಗೆಯ ಒಂದು ಬದಿಗೆ ಬರೆದು, ಇನ್ನೊಂದು ಬದಿಗೆ ಇಫೋಮಾ ಅತ್ತೆಯ ನ್ಸುಕ್ಕಾ ಊರಿನ ಮನೆಯ ನಿಮಿಷಗಳನ್ನು ಬರೆಯಿರಿ ಎಂದರೆ ಹುಡುಕಿ ಸೋಲುತ್ತಾರೆ. ಬಂದೊಡನೆ ಅತ್ತೆ ಆ ಪಟ್ಟಿಗಳನ್ನೇ ಕಿತ್ತುಕೊಂಡಿದ್ದಾಳೆ. ನೀರಿಗೆ, ಪೆಟ್ರೋಲಿಗೆ ಪರದಾಡುವ ಆ ಚಿಕ್ಕ ಫ್ಲ್ಯಾಟಿನಲ್ಲಿ ನಗು ಎಲ್ಲಿಂದ ಬರುತ್ತದೆ ಎಂದು ನಾನು ವಿವರಿಸಬೇಕಾಗುವುದೇ ಇಲ್ಲ.

ಕಂಬಿಲಿಯವರ ಮನೆಮಾತಾದ ಇಗ್ಬೋ ಭಾಷೆಯ ಶಬ್ದಗಳಿಗೆ ಅರ್ಥಕೋಶ ಕೊಡುವುದಿಲ್ಲ. ‘ಬಿಕೊ’, ‘ಎನ್ನೆ’ ಮೂರು ಸಲ ಎದುರಾದರೆ ಅರ್ಥ ತಾನೇ ಆಗುತ್ತದೆ. ಅದಕ್ಕಿಂತ ಯಾರು ಯಾವ ಹೊತ್ತಿನಲ್ಲಿ ಇಗ್ಬೋಗೆ ಇಳಿಯುತ್ತಾರೆ ಎಂದು ಗುರುತಿಸಲಿ. ಅಪ್ಪ ಜನರ ಮುಂದೆ ಇಂಗ್ಲಿಷು, ಬಿಳಿಯರ ಮುಂದೆ ಉಚ್ಚಾರಣೆಯನ್ನೂ ಬದಲಿಸಿದ ಇಂಗ್ಲಿಷು. ಇಗ್ಬೋ ಬರುವುದು ಸಿಟ್ಟು ನೆತ್ತಿಗೇರಿದಾಗ. ಶಾಲೆಗೊಂದು, ಮನೆಗೊಂದು, ಬೈಯಲಿಕ್ಕೊಂದು ಭಾಷೆ ಇರುವ ನಮ್ಮ ಮಕ್ಕಳು ಇದನ್ನು ಹಿಡಿಯುವಷ್ಟು ಬೇಗ ಇನ್ನಾವುದನ್ನೂ ಹಿಡಿಯುವುದಿಲ್ಲ. ಅಜ್ಜ ಹೇಳುವ ಆಮೆಯ ಕಥೆಯನ್ನು ಓದಿಸುವುದಿಲ್ಲ, ಹೇಳಿಸುತ್ತೇನೆ. ಕೇಳುವ ಮೊಮ್ಮಕ್ಕಳು ನಡುನಡುವೆ ‘ನ್ಜೆಮಾನ್ಜೆ’ ಎಂದು ದನಿಗೂಡಿಸುತ್ತಾರೆ. ನಮ್ಮಲ್ಲಿ ಹೂಂಗುಟ್ಟಿದ ಹಾಗೆ. ಕಂಬಿಲಿಗೂ ಜಾಜಾಗೂ ದನಿಗೂಡಿಸುವ ಜಾಗ ಯಾವುದೆಂದೇ ಗೊತ್ತಿರುವುದಿಲ್ಲ. ಅದು ಕಾಲಂಗೆ ಬರೆಯತಕ್ಕ ಮೌನ.

ಅಪ್ಪ ಯೂಜೀನನ ಬಗ್ಗೆ ಚರ್ಚಾಸ್ಪರ್ಧೆ ಇಡಲೇಬೇಡಿ. ‘ಒಳ್ಳೆಯವನೋ ಕೆಟ್ಟವನೋ’ ಎಂದು ಎರಡು ಪಂಗಡವಾದ ತರಗತಿ ಪುಸ್ತಕ ಮುಚ್ಚಿ ಬಾಯಿ ತೆರೆಯುತ್ತದೆ. ಬದಲಿಗೆ ಹತ್ತು ಸಾಲಿನ ಪ್ಯಾರಾ ಬರೆಸುತ್ತೇನೆ. ‘ಆದರೆ’, ‘ಆದರೂ’ ನಿಷಿದ್ಧ, ‘ಮತ್ತು’ ಮಾತ್ರ ಬಳಸಬೇಕು. ಮಿಲಿಟರಿ ಸರ್ಕಾರಕ್ಕೆ ಹೆದರದೆ ಪತ್ರಿಕೆ ನಡೆಸುತ್ತಾನೆ, ಮತ್ತು ಮಗಳ ಪಾದದ ಮೇಲೆ ಕುದಿನೀರು ಸುರಿಯುತ್ತಾನೆ, ಮತ್ತು ಸುರಿಯುವಾಗ ಅಳುತ್ತಾನೆ. ‘ಆದರೆ’ ಬಂದೊಡನೆ ಒಂದು ಸಂಗತಿ ಇನ್ನೊಂದನ್ನು ಅಳಿಸಿಬಿಡುತ್ತದೆ. ‘ಮತ್ತು’ ಎರಡನ್ನೂ ಉಳಿಸುತ್ತದೆ. ಹುಡುಗನಾಗಿದ್ದಾಗ ಪಾದ್ರಿಯೊಬ್ಬ ತನ್ನ ಕೈಗಳನ್ನು ಬಿಸಿನೀರಲ್ಲಿ ಅದ್ದಿಸಿದ್ದನ್ನು ಅವನು ಮಗಳಿಗೆ ಹೇಳುವ ಭಾಗವನ್ನು ಮೌನವಾಗಿ ಓದಿಸಿ.

ಆ ದೃಶ್ಯಗಳು ಬರುವ ಹಿಂದಿನ ದಿನವೇ ಏನು ಬರಲಿದೆ ಎಂದು ಎರಡು ವಾಕ್ಯದಲ್ಲಿ ಹೇಳುತ್ತೇನೆ. ಬೇಕಾದವರು ಲೈಬ್ರರಿಯಲ್ಲಿ ಕೂತು ಓದಬಹುದು, ಕಾರಣ ಕೇಳುವುದಿಲ್ಲ. ಹಿಂಸೆಯ ದೃಶ್ಯಗಳನ್ನು ಅಭಿನಯಿಸುವುದು, ಗಟ್ಟಿಯಾಗಿ ಓದಿಸುವುದು ಇಲ್ಲ. ‘ನಿಮ್ಮ ಮನೆಯ ಅನುಭವ ಬರೆಯಿರಿ’ ಎಂಬ ಪ್ರಶ್ನೆಯಂತೂ ಯಾವ ರೂಪದಲ್ಲೂ ಇಲ್ಲ. 26 ಮಕ್ಕಳಲ್ಲಿ ಅಂಥ ಮನೆಯಿಂದಲೇ ಬಂದವರು ಇದ್ದಾರು. ಆಪ್ತ ಸಮಾಲೋಚಕರಿಗೆ ಆ ವಾರದ ಪಾಠ ಯಾವುದೆಂದು ಮುಂಚೆಯೇ ತಿಳಿಸಿ. ಮಕ್ಕಳ ಸಹಾಯವಾಣಿ 1098 ಹಲಗೆಯ ಮೂಲೆಯಲ್ಲಿ ಆರು ವಾರವೂ ಇರಲಿ. ಆ ದಿನ ಮಾತ್ರ ಬರೆದರೆ ಎಲ್ಲರೂ ಎಲ್ಲರ ಮುಖ ನೋಡುತ್ತಾರೆ.

ಇತಿಹಾಸ ಬರುವುದು ಅಪ್ಪನ ಪತ್ರಿಕೆಯ ಸಂಪಾದಕ ಅಡೆ ಕೋಕರ್ ಪಾರ್ಸೆಲ್ ಬಾಂಬಿಗೆ ಬಲಿಯಾದ ಮೇಲೆ. ಒಂದೇ ಪೀರಿಯಡ್: 1960ರ ಸ್ವಾತಂತ್ರ್ಯ, 1967–70ರ ಅಂತರ್ಯುದ್ಧವಾದ ಬಿಯಾಫ್ರಾ ಯುದ್ಧ, 1986ರ ಅಕ್ಟೋಬರ್ 19ರಂದು ಲಾಗೋಸಿನಲ್ಲಿ ಪಾರ್ಸೆಲ್ ಬಾಂಬಿಗೆ ಬಲಿಯಾದ ಪತ್ರಕರ್ತ ಡೆಲೆ ಗಿವಾ, 1993ರಿಂದ 98ರ ವರೆಗೆ ಸೇನಾ ಸರ್ವಾಧಿಕಾರಿ ಅಬಾಚಾನ ಆಡಳಿತ, 1995ರ ನವೆಂಬರ್ 10ರಂದು ಲೇಖಕ ಕೆನ್ ಸಾರೊ-ವಿವಾಗೆ ಗಲ್ಲು. ಕಾದಂಬರಿ ಸರ್ವಾಧಿಕಾರಿಯ ಹೆಸರು ಹೇಳುವುದಿಲ್ಲ, ಹಾಗಾಗಿ ‘ಇವನೇ ಅವನು’ ಎಂದು ಹೊಂದಿಸಿ ಬರೆಯಲು ಬಿಡಬಾರದು.

ನ್ಸುಕ್ಕಾದ ಯುವ ಪಾದ್ರಿ ಫಾದರ್ ಅಮಾಡಿಯ ಮೇಲೆ ಕಂಬಿಲಿಗೆ ಮೂಡುವ ಒಲವಿಗೆ ತರಗತಿ ಮುಸಿಮುಸಿ ನಗುತ್ತದೆ. ನಕ್ಕು ಮುಗಿಸಲಿ. ಆಮೇಲೆ ಕಾಲಂ ತೆಗೆಸಿ: ಅವನ ಎದುರಿಗೆ ಅವಳು ಎಷ್ಟು ಮಾತಾಡಿದಳು?

ಕಾಲಂನ ಬೆಲೆ ಗೊತ್ತಾಗುವುದು ಓರಾ ಸೊಪ್ಪಿನ ದೃಶ್ಯದಲ್ಲಿ. ಸೊಪ್ಪು ಬಿಡಿಸಲು ಬಾರದ ಕಂಬಿಲಿಯನ್ನು ಅತ್ತೆಯ ಮಗಳು ಅಮಾಕಾ ಚುಚ್ಚುತ್ತಾಳೆ. ನಿನಗೆ ಬಾಯಿಲ್ಲವೇನೇ, ತಿರುಗಿ ಮಾತಾಡು ಎಂದು ಅತ್ತೆ ಗದರುತ್ತಾಳೆ. ಕೂಗಬೇಕಾಗಿಲ್ಲ ಅಮಾಕಾ, ನನಗೆ ಬರುವುದಿಲ್ಲ, ನೀನು ತೋರಿಸಿಕೊಡಬಹುದು ಎಂಬರ್ಥದ ಶಾಂತವಾದ ಎರಡು ವಾಕ್ಯ ಕಂಬಿಲಿಯ ಬಾಯಿಂದ ಬರುತ್ತವೆ. ಮೊದಲೆರಡು ಕಾಲಂಗಳಲ್ಲಿ ಒಂದೇ ಮಾತು ಬರೆಯುವ ಗಳಿಗೆ ಅದು. ಓದುತ್ತಾ ಬಂದವರು ನಾನು ಹೇಳುವ ಮುಂಚೆಯೇ ಪೆನ್ನು ನಿಲ್ಲಿಸಿ ತಲೆಯೆತ್ತುತ್ತಾರೆ. ಇಡೀ ಪುಸ್ತಕದಲ್ಲಿ ಅವಳು ‘ಬೆಳೆದ’ ಜಾಗ ತೋರಿಸಿ ಎಂದರೆ ನಾನು ಬೆರಳಿಡುವುದು ಇಲ್ಲಿ, ಅಪ್ಪನ ಸಾವಿನಲ್ಲಲ್ಲ.

ಮೌಲ್ಯಮಾಪನಕ್ಕೆ 800 ಪದದ ಪ್ರಬಂಧ, 20 ಅಂಕ. ಪಠ್ಯದ ಆಧಾರಕ್ಕೆ 8, ಓದಿನ ಆಳಕ್ಕೆ 6, ಕಟ್ಟಣೆಗೆ 4, ಭಾಷೆಗೆ 2. ‘ಕಾದಂಬರಿಯಲ್ಲಿ ಧರ್ಮ’ ಎಂಬಂಥ ಪ್ರಶ್ನೆಗೆ ಗೈಡಿನ ಉತ್ತರವೇ ಬರುತ್ತದೆ. ‘ಅಮ್ಮ ಹೊಸ ಗೊಂಬೆ ಕೊಳ್ಳುವುದಿಲ್ಲ ಎಂದದ್ದೇಕೆ?’ ಎಂದರೆ ಪೆಟ್ಟು ಬಿದ್ದಾಗಲೆಲ್ಲ ಅವಳು ಆ ಗೊಂಬೆಗಳನ್ನು ಒರೆಸುತ್ತಿದ್ದ ಪುಟಗಳಿಗೆ ಹಿಂತಿರುಗಲೇಬೇಕು.

ಅಪ್ಪ ಸತ್ತದ್ದು ತಾಯಿ ಚಹಾದಲ್ಲಿ ಬೆರೆಸಿದ ವಿಷದಿಂದ ಎಂದು ಗೊತ್ತಾದಾಗ ತರಗತಿ ಚಪ್ಪಾಳೆ ತಟ್ಟುವುದುಂಟು. ತಡೆಯುವುದಿಲ್ಲ. ಕೊನೆಯ ಭಾಗದ 31 ತಿಂಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ತಾಯಿ ಮಾಡಿದ್ದನ್ನು ತನ್ನ ಮೇಲೆ ಹಾಕಿಕೊಂಡ ಜಾಜಾ ಜೈಲಿನಲ್ಲಿ ಕಳೆದ ಕಾಲ ಅದು. ಕಂಬಿಲಿ ಈಗ ಮಾತಾಡುತ್ತಾಳೆ, ನಗುತ್ತಾಳೆ, ಜೇನು ಹೀರಲು ಕೇಪಳದ ಗಿಡ ನೆಡೋಣ ಎನ್ನುತ್ತಾಳೆ. ಆಗ ಮೊದಲ ವಾರ ತೆಗೆದಿಟ್ಟ ಜಾಜಾನ ಹಾಳೆಯನ್ನು ತೆಗೆಸುತ್ತೇನೆ. ಬಿಡುಗಡೆಯ ಸುದ್ದಿ ಹೇಳಲು ತಾಯಿ, ತಂಗಿ ಬಂದಿದ್ದಾರೆ. ‘ಎದುರಿಗಿದ್ದವರು’ ಕಾಲಂ ತುಂಬಿಸಿ, ಉಳಿದೆರಡಕ್ಕೆ ಏನು ಬರೆಯುತ್ತೀರಿ ಎಂದು ಕೇಳಿ, ಉಳಿದ ಹೊತ್ತೆಲ್ಲ ಅವರಿಗೇ ಬಿಡುತ್ತೇನೆ.