ಮಾವಿನ ಹೂವಲ್ಲಿ ಹೂನೊಣ ನೋಡುವ ನನ್ನ ರೂಢಿ

ಮಾವು ಹೂ ಬಿಟ್ಟಿತು ಅಂದರೆ ನಾನು ಹಕ್ಕಿಗಿಂತ ಜಾಸ್ತಿ ನೊಣ ನೋಡುತ್ತೇನೆ. ಅಂಕೋಲೆಯ ನಮ್ಮ ಹಿತ್ತಲಲ್ಲಿ ಕರಿ ಇಶಾಡಿನ ಮರ ಇದೆ, 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತಲ್ಲ, ಅದೇ ಮಾವು. ಅದರ ಒಂದು ಕೊಂಬೆ ಎದೆ ಎತ್ತರಕ್ಕೆ ಬಗ್ಗಿದೆ. ಇಡೀ ಮರ ನೋಡಲು ಹೋದರೆ ಏನೂ ಕಾಣುವುದಿಲ್ಲ, ಒಂದೇ ಹೂಗೊಂಚಲು ಆರಿಸಿಕೊಂಡು ಅದರ ಎದುರು ಸುಮ್ನೆ ನಿಲ್ಲಬೇಕು.

ಇಬ್ಬನಿ ಆರಿ, ಬಿಸಿಲು ಹೂವಿಗೆ ತಾಗಿದ ಮೇಲೆ ಹೋಗುತ್ತೇನೆ. ನನ್ನ ನೆರಳು ಗೊಂಚಲಿನ ಮೇಲೆ ಬೀಳಬಾರದು. ಬಿತ್ತೋ, ಎಲ್ಲ ಹಾರಿಹೋಗುತ್ತವೆ.

ಹೂನೊಣದ ಮೈಮೇಲೆ ಹಳದಿ-ಕಪ್ಪು ಪಟ್ಟಿ. ಜೇನು ಅಂತಲೇ ಅನಿಸುತ್ತದೆ. ಆದರೆ ಇದಕ್ಕೆ ಕೊಂಡಿ ಇಲ್ಲ, ಕುಟುಕುವುದಿಲ್ಲ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ, ಆದರೆ ಹಾರುವಾಗ ರೆಕ್ಕೆ ಎಣಿಸಲು ಆಗುತ್ತದಾ? ನಾನು ಮೀಸೆ ನೋಡುತ್ತೇನೆ. ಜೇನಿನದು ಉದ್ದ, ನಡುವೆ ಬಾಗಿರುತ್ತದೆ. ಹೂನೊಣದ್ದು ತೀರಾ ಗಿಡ್ಡ. ಕಣ್ಣಂತೂ ತಲೆ ತುಂಬಾ. ಹೆಚ್ಚಿನ ಜಾತಿಗಳಲ್ಲಿ ಗಂಡಿನ ಎರಡೂ ಕಣ್ಣು ನೆತ್ತಿಯಲ್ಲಿ ಕೂಡಿರುತ್ತವೆ, ಹೆಣ್ಣಿಗೆ ನಡುವೆ ಸಂದು.

ಗಾಳಿಯಲ್ಲಿ ಅದು ನಿಲ್ಲುವ ಚೆಂದ ನೋಡಬೇಕು. ದಾರ ಕಟ್ಟಿ ಇಳಿಬಿಟ್ಟ ಹಾಗೆ ನಿಂತಿರುತ್ತದೆ, ಗಾಳಿ ಬೀಸಿ ಗೊಂಚಲು ಅಲುಗಿದರೆ ತಾನೂ ಅಷ್ಟೇ ಸರಿದು ಮತ್ತೆ ಎದುರಿಗೇ ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ಕೂತು ಹೂವಿನ ನಡುವಿನ ರಸ ಒತ್ತಿ ಒತ್ತಿ ಹೀರುತ್ತದೆ. ಅದೇ ಗೊಂಚಲಲ್ಲಿ ಮಿಸರಿ ಜೇನು, ಸಣ್ಣಪುಟ್ಟ ನೊಣಗಳು, ಕೆಲವೊಮ್ಮೆ ಹೂವಿನ ಬಣ್ಣದ್ದೇ ಏಡಿ ಜೇಡ. ಚಗಳಿ, ಅಂದರೆ ಕೆಂಪಿರುವೆ, ಓಡಾಡುವ ಕೊಂಬೆ ನಾನು ಬಿಟ್ಟುಬಿಡುತ್ತೇನೆ, ಅಲ್ಲಿ ನೊಣ ಕೂರುವುದು ಕಮ್ಮಿ.

"ನೊಣ ನೋಡೂದೆಂತ ತಮಾ?" ಅಂತ ಪಕ್ಕದ ಮನೆ ಅಮ್ಮ ಕೇಳಿದರು. ಮಾವಿನ ಹೂವಿಗೆ ಪರಾಗ ಮುಟ್ಟಿಸುವುದರಲ್ಲಿ ಈ ನೊಣಗಳದ್ದೇ ದೊಡ್ಡ ಪಾಲು ಅಂದೆ. ಜಿಗಿಹುಳಕ್ಕೆ ಔಷಧಿ ಹೊಡೆಯಲೇಬೇಕಿದ್ದರೆ ಹೂ ಅರಳುವ ಮೊದಲೇ ಹೊಡೆಯಿರಿ, ಪೂರ್ತಿ ಅರಳಿದ ಮೇಲೆ ದಯವಿಟ್ಟು ಬೇಡ.

ಹೂನೊಣದ ಮರಿ ನೋಡಬೇಕಾದರೆ ಗದ್ದೆಗೆ ಹೋಗಬೇಕು. ಭತ್ತ ಕೊಯ್ದ ಮೇಲೆ ಹಾಕಿದ ಅಲಸಂದೆಯ ಚಿಗುರಿಗೆ ಕಪ್ಪು ಸಸ್ಯಹೇನು ಮುತ್ತಿರುತ್ತದಲ್ಲ, ಅದರ ನಡುವೆ ಕಾಲಿಲ್ಲದ ಸಣ್ಣ ಹುಳ ತೆವಳುತ್ತಿರುತ್ತದೆ. ಕಣ್ಣಿಲ್ಲ. ತಲೆ ಆಚೀಚೆ ಆಡಿಸಿ ಹುಡುಕಿ, ಸಿಕ್ಕ ಹೇನನ್ನು ಮೇಲಕ್ಕೆತ್ತಿ ಹೀರಿ, ಬರೀ ಸಿಪ್ಪೆ ಬಿಸಾಡುತ್ತದೆ. ಅಂಥ ಚಿಗುರು ಕಂಡರೆ ನಾನು ಕೀಳುವುದಿಲ್ಲ, ಔಷಧಿಯನ್ನೂ ಹೊಡೆಯುವುದಿಲ್ಲ.