ಹೊಳೆ ಬದಿಯ ಒಂದು ದಿನ: ಕಾರು, ಡ್ರೈವರ್ ಮತ್ತು ನನ್ನ ಲೆಕ್ಕ

ದುಬಾರೆಯ ಆನೆ ಶಿಬಿರ, ನಿಸರ್ಗಧಾಮದ ದ್ವೀಪ, ಬೈಲಕುಪ್ಪೆಯ ಟಿಬೆಟನ್ ಮಠ, ಚಿಕ್ಲಿಹೊಳೆ ಅಣೆಕಟ್ಟು. ಮಡಿಕೇರಿಯ ನಮ್ಮ ಹೋಂಸ್ಟೇಯಿಂದ ಹೊರಡುವ ಗೆಸ್ಟಿಗೆ ಒಂದು ದಿನಕ್ಕೆ ಈ ನಾಲ್ಕೇ ಜಾಗ, ಡ್ರೈವರಿಗೆ ಹನ್ನೆರಡೂವರೆ ಗಂಟೆಯ ದುಡಿಮೆಗೆ ಒಂದೇ ಮೊತ್ತ. ಹೀಗೆ ಮಾಡುತ್ತೇನೆ ಎಂದಾಗ ಅಕ್ಕಪಕ್ಕದ ಹೋಂಸ್ಟೇಯವರು ಯಾರೂ ಒಪ್ಪಲಿಲ್ಲ. ಎಂಟು ಪಾಯಿಂಟ್ ತೋರಿಸದಿದ್ದರೆ ಗೆಸ್ಟ್ ದುಡ್ಡು ಬಿಚ್ಚುವುದಿಲ್ಲ, ಅಂಗಡಿ ಕಮಿಷನ್ ಬಿಟ್ಟು ಯಾವ ಡ್ರೈವರೂ ಬರುವುದಿಲ್ಲ ಎಂದರು. ಎರಡು ಸೀಸನ್ ಕಳೆದಿದೆ, ಎಪ್ಪತ್ತರ ಹತ್ತಿರ ಟ್ರಿಪ್ ಆಗಿದೆ. ಬಾಡಿಗೆ ವಿಷಯಕ್ಕೆ ತಕರಾರು ಬಂದದ್ದು ಎರಡೇ ಸಲ. ಬೇಡ ಎಂದವರಲ್ಲಿ ಮೂವರು ಈಗ ಇದೇ ಡ್ರೈವರ್‌ಗಳ ನಂಬರ್ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ, ದುಡ್ಡು ಹೋದದ್ದು ಅಲ್ಲೇ.

ತಲಕಾವೇರಿ ಮತ್ತು ದುಬಾರೆಯನ್ನು ಒಂದೇ ದಿನಕ್ಕೆ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ಮ್ಯಾಪಿನಲ್ಲಿ ನೋಡಿದರೆ ಆಗುವಂತೆ ಕಾಣುತ್ತದೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ, ಅಲ್ಲಿಂದ ಮೇಲೆ ಇನ್ನೆಂಟು. ಆದರೆ ಅದು ಪಶ್ಚಿಮಕ್ಕೆ, ದುಬಾರೆ ಪೂರ್ವಕ್ಕೆ. ಹೋಗಿ ಬಂದು ಇನ್ನೊಂದು ದಿಕ್ಕಿಗೆ ಇಳಿಯುವಷ್ಟರಲ್ಲಿ ಗಂಟೆ ಹನ್ನೊಂದು ದಾಟುತ್ತದೆ, ಆನೆ ಸ್ನಾನ ಮುಗಿದು ಬೆಳಗಿನ ಕೌಂಟರ್ ಮುಚ್ಚಿರುತ್ತದೆ. ಹೊಳೆ ಈಚೆ ನಿಂತು ಮಕ್ಕಳು ಅತ್ತರೆ ಯಾವ ಸಮಾಧಾನವೂ ನಡೆಯುವುದಿಲ್ಲ. ಅಂಥ ಎರಡು ಟ್ರಿಪ್ಪಿಗೆ ಸೇರಿ ಸುಮಾರು 2,500 ರೂಪಾಯಿ ಗೆಸ್ಟಿಗೆ ವಾಪಸ್ ಕೊಟ್ಟಾಗಿದೆ. ಈಗ ತಲಕಾವೇರಿ ಬೇಕು ಎಂದವರಿಗೆ ಇನ್ನೊಂದು ದಿನ ಉಳಿಯಿರಿ ಎನ್ನುತ್ತೇನೆ. ಉಳಿಯದಿದ್ದರೆ ಎರಡರಲ್ಲಿ ಒಂದು, ಅಷ್ಟೇ.

ಎರಡನೆಯದು ಬಿಳಿ ಬೋರ್ಡ್ ಕಾರು. ಪರಿಚಯದವರ ಸ್ವಂತ ಕಾರು 800 ರೂಪಾಯಿ ಕಡಿಮೆಗೆ ಸಿಗುತ್ತದೆ, ಆಸೆ ಆಗುತ್ತದೆ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಬೋರ್ಡ್, ಕಪ್ಪು ಅಕ್ಷರ ಇರಲೇಬೇಕು. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ನಾವೇ ಓಡಿಸಿಕೊಳ್ಳುವ ಬಾಡಿಗೆ ಗಾಡಿ, ಬೇರೆ ಲೆಕ್ಕ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಜನ ಕೂತಾಗ ಅಪಘಾತ ಆದರೆ ಇನ್ಶೂರೆನ್ಸಿನವರು ಕೈ ಎತ್ತಲು ಅದೊಂದೇ ಕಾರಣ ಸಾಕು. ಒಮ್ಮೆ ತಪಾಸಣೆಯಲ್ಲಿ ಗಾಡಿ ನಿಂತಿತು. ದಂಡ ಗಾಡಿಯವರು ಕಟ್ಟಿಕೊಂಡರು, ಕುಶಾಲನಗರದಿಂದ ಬೇರೆ ಕಾರು ಕರೆಸಿದ 2,200 ನಮ್ಮ ಕೈಯಿಂದ ಹೋಯಿತು. ಅಂದಿನಿಂದ ಬೋರ್ಡಿನ ಫೋಟೋ, ಪರ್ಮಿಟ್ ಮತ್ತು ಇನ್ಶೂರೆನ್ಸ್ ಮುಗಿಯುವ ತಾರೀಖು, ಈ ಮೂರೂ ಹಿಂದಿನ ಸಂಜೆಯೇ ಮೊಬೈಲಿಗೆ ಬರಬೇಕು. ಬೆಳಿಗ್ಗೆ ಬರುವುದೂ ಅದೇ ನಂಬರಿನ ಗಾಡಿ ಆಗಿರಬೇಕು. ಬೇರೆ ಗಾಡಿ, ಬೇರೆ ಹುಡುಗ ಬಂದರೆ ಹತ್ತಿಸುವುದಿಲ್ಲ.

ಮೂರನೆಯದು ಬಯಲುಸೀಮೆಯ ಡ್ರೈವರ್. ನೇರ ರಸ್ತೆಯಲ್ಲಿ ಎಷ್ಟೇ ಪಳಗಿದ ಕೈ ಇರಲಿ, ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಇಳಿಯುವಾಗ ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಸಿದರೆ ಹಿಂದಿನ ಸೀಟಿನಲ್ಲಿ ವಾಂತಿ ಖಂಡಿತ. ನಮ್ಮ ಕಡೆಯವರು ತಿರುವಿಗೆ ಮೊದಲೇ ಗೇರ್ ಇಳಿಸಿ ಎಂಜಿನ್ ಮೇಲೆ ಗಾಡಿ ಬಿಡುತ್ತಾರೆ, ತಿರುವಿನೊಳಗೆ ಬ್ರೇಕ್ ಮುಟ್ಟುವುದಿಲ್ಲ. ಹೊಸ ಡ್ರೈವರ್ ಸಿಕ್ಕಾಗ ಮೂರು ಕಿಲೋಮೀಟರ್ ಜೊತೆಗೆ ಕೂತು ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಏಳು ಸೀಟಿನ ಗಾಡಿಯಾದರೆ ಕೊನೆಯ ಸಾಲಿನಲ್ಲಿ ಮಕ್ಕಳನ್ನು ಕೂರಿಸಬೇಡಿ, ಓಲಾಟ ಅಲ್ಲೇ ಹೆಚ್ಚು. ಆರು ಜನಕ್ಕೆ ಎರ್ಟಿಗಾ ಕಳಿಸಿ ಪಟ್ಟ ಪಾಡು ಸಾಕಾಗಿ ಈಗ ಆರಕ್ಕೆ ಇನ್ನೋವಾ, ನಾಲ್ಕರವರೆಗೆ ಡಿಸೈರ್ ಅಥವಾ ಎಟಿಯೋಸ್.

ಈಗ ದುಡ್ಡಿನ ವಿಚಾರ. ಗಾಡಿಯವರು ಹೇಳುವ ರೇಟು ಎರಡು ಬಗೆ. ಒಂದು, ಕಿಲೋಮೀಟರ್ ಲೆಕ್ಕ: ದಿನಕ್ಕೆ ಕನಿಷ್ಠ 250 ಕಿಲೋಮೀಟರಿನ ದುಡ್ಡು, ಮೇಲೆ ಬಾಟಾ, ಅಂದರೆ ಡ್ರೈವರಿನ ದಿನಭತ್ಯೆ. ನಮ್ಮ ಈ ಸುತ್ತು ಒಟ್ಟು 115ರಿಂದ 125 ಕಿಲೋಮೀಟರ್, ಅಂದರೆ ಓಡದ ಅರ್ಧಕ್ಕೂ ದುಡ್ಡು ಕೊಟ್ಟ ಹಾಗಾಯಿತು. ಇನ್ನೊಂದು, ಎಂಟು ಗಂಟೆ ಎಂಬತ್ತು ಕಿಲೋಮೀಟರ್ ಪ್ಯಾಕೇಜ್. ಕೇಳಲು ಅಗ್ಗ. ಆದರೆ ಮೂರು ಗಂಟೆ ಹೊಡೆಯುತ್ತಲೇ ಡ್ರೈವರ್ ಗಡಿಯಾರ ನೋಡುತ್ತಾನೆ, ಗೆಸ್ಟ್ ಮೀಟರ್ ನೋಡುತ್ತಾರೆ, ಕೊನೆಯ ಎರಡು ಗಂಟೆ ಇಬ್ಬರಿಗೂ ಹಾಳು. ಇದನ್ನು ಹತ್ತು ಹನ್ನೆರಡು ಸಲ ಮಾಡಿ ಬಿಟ್ಟೆ.

ಈಗಿನದು ಹೀಗಿದೆ. ಬೆಳಿಗ್ಗೆ ಏಳರಿಂದ ಸಂಜೆ ಏಳೂವರೆ, ಡೀಸೆಲ್ ಮತ್ತು ಬಾಟಾ ಸೇರಿ ಚಿಕ್ಕ ಕಾರಿಗೆ 3,400. ಇನ್ನೋವಾಕ್ಕೆ 5,200ರ ಆಸುಪಾಸು, ಡಿಸೆಂಬರ್ ಕೊನೆಯ ವಾರ ಅದರ ಮೇಲೆ ಸಾವಿರ. ಅರ್ಧ ಹೊರಡುವ ಮೊದಲು, ಅರ್ಧ ಇಳಿದ ಮೇಲೆ. ಪಾರ್ಕಿಂಗ್, ದೋಣಿ, ಟಿಕೆಟ್ ಗೆಸ್ಟಿನದು. ಡ್ರೈವರ್ ಊಟಕ್ಕೆ 150 ಬೇರೆ, ಅದೂ ಬೆಳಿಗ್ಗೆಯೇ ಕೈಗೆ. ಊಟದ ದುಡ್ಡು ಗೆಸ್ಟ್ ಕೊಡಲಿ ಎಂದು ಬಿಟ್ಟರೆ ಒಬ್ಬರು ಕರೆದು ಜೊತೆಗೆ ಕೂರಿಸುತ್ತಾರೆ, ಇನ್ನೊಬ್ಬರು ಮರೆಯುತ್ತಾರೆ. ಹಸಿದವನ ಕೈಗೆ ಸ್ಟೇರಿಂಗ್ ಕೊಡಬಾರದು.

ಇದರ ಮೇಲೆ ಇನ್ನೊಂದು 300 ಇದೆ, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಸ್ಪೈಸ್ ಅಂಗಡಿ, ಹೋಮ್‌ಮೇಡ್ ಚಾಕ್ಲೇಟ್ ಅಂಗಡಿಗಳು ಗಾಡಿ ನಿಲ್ಲಿಸಿದವನಿಗೆ ಕಮಿಷನ್ ಕೊಡುತ್ತವೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಅದನ್ನು ನಿಷೇಧಿಸಲು ನೋಡಿದೆ, ಆಗಲಿಲ್ಲ. "ಸೀಸನ್ನಲ್ಲಿ ದುಡಿಯೋದೇ ಅದರಲ್ಲಿ ಅಣ್ಣ, ಬಿಟ್ರೆ ಲಾಸ್ ಆಗ್ತದೆ" ಎಂದರು. ಅದು ನ್ಯಾಯದ ಮಾತು. ಆಮೇಲೆ ನಾಲ್ಕು ಜನ ಡ್ರೈವರ್‌ಗಳ ಹತ್ತಿರ ಕೂತು ಒಂದು ತಿಂಗಳ ಲೆಕ್ಕ ಕೇಳಿದೆ. ಒಂದು ದಿನ 700, ಇನ್ನೊಂದು ದಿನ ಸೊನ್ನೆ, ಸರಾಸರಿ ಬಿದ್ದದ್ದು ಸುಮಾರು 280. ಅದಕ್ಕಾಗಿ ಗೆಸ್ಟಿನ ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ ಹೋಗುತ್ತಿತ್ತು. ಹಾಗಾಗಿ 300 ನಾನೇ ಕೊಡುತ್ತೇನೆ, ಸಂಜೆ, ಗೆಸ್ಟ್ ಇಳಿದ ಮೇಲೆ. ಗೆಸ್ಟ್ ತಾವಾಗಿ ಕಾಫಿಪುಡಿ, ಜೇನು, ಮೆಣಸು ಬೇಕೆಂದರೆ ಒಂದು ಅಂಗಡಿ, ಅದೂ ವಾಪಸ್ ಬರುವಾಗ. ಅಲ್ಲಿ ಸಿಗುವ ಕಮಿಷನ್ನಿಗೆ ನಾನು ಕೈ ಹಾಕುವುದಿಲ್ಲ. ಬಿಲ್ಲಿನಲ್ಲಿ ಈ 300 ಎಲ್ಲಿ ಸೇರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಡ್ರೈವರ್ ಕೈಗೆ ಕನ್ನಡದಲ್ಲಿ ಬರೆದ ಚೀಟಿ ಕೊಡುತ್ತೇನೆ. ಮೊಬೈಲಿಗೆ ಲೊಕೇಶನ್ ಕಳಿಸಿ ನೋಡಿದ್ದಾಯಿತು, ತೋಟದ ನಡುವೆ ನೆಟ್‌ವರ್ಕ್ ಹೋದರೆ ಕಥೆ ಮುಗಿಯಿತು. ಚೀಟಿಯಲ್ಲಿ ಇರುವುದು ಇಷ್ಟು: 7.10 ಮನೆ. 8.35ಕ್ಕೆ ದುಬಾರೆ ಸೇರಲೇಬೇಕು. 11.00 ದುಬಾರೆ ಬಿಡು. 1.00 ನಿಸರ್ಗಧಾಮ ಬಿಡು. 2.00 ಊಟ ಬಿಡು. 3.50 ಬೈಲಕುಪ್ಪೆ ಬಿಡು. 6.10 ಚಿಕ್ಲಿಹೊಳೆ ಬಿಡು. ಸೇರುವ ಸಮಯ ಒಂದೇ ಒಂದು, ಉಳಿದದ್ದೆಲ್ಲ ಬಿಡುವ ಸಮಯ. ಮೊದಲು ಎಲ್ಲಕ್ಕೂ ಸೇರುವ ಸಮಯ ಬರೆಯುತ್ತಿದ್ದೆ, ಡ್ರೈವರ್ ಅದನ್ನು ಹಿಡಿಯಲು ಗಾಡಿ ಓಡಿಸುತ್ತಿದ್ದ. ಬಿಡುವ ಸಮಯ ಬರೆದ ಮೇಲೆ ಅವಸರ ರಸ್ತೆಯಿಂದ ಹೋಯಿತು. ತಡವಾದರೆ ಕಡಿಮೆಯಾಗುವುದು ಆ ಜಾಗದಲ್ಲಿ ಕಳೆಯುವ ಹೊತ್ತು. ಇದನ್ನು ಗೆಸ್ಟಿಗೂ ಬೆಳಿಗ್ಗೆಯೇ ಹೇಳಿರಬೇಕು.

ದುಬಾರೆಗೆ ಸುಂಟಿಕೊಪ್ಪ ದಾಟಿ, ಆನೆಕಾಡು ಕಳೆದು, ಗುಡ್ಡೆಹೊಸೂರಿನಲ್ಲಿ ಸಿದ್ದಾಪುರದ ಕಡೆಗೆ ತಿರುಗಿ ನಂಜರಾಯಪಟ್ಟಣದ ಮೇಲೆ ಹೋಗುವುದು. ನವೆಂಬರಿನಿಂದ ಜನವರಿವರೆಗೆ ಸುಂಟಿಕೊಪ್ಪದ ತನಕ ಮಂಜು ಕವಿದಿರುತ್ತದೆ, ಹದಿನೈದು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಆನೆಕಾಡಿನಲ್ಲಿ ಫೋಟೋಗೆಂದು ಇಳಿಸಕೂಡದು, ಹೆಸರೇ ಹೇಳುತ್ತದಲ್ಲ. ದುಬಾರೆ ಶಿಬಿರ ಹೊಳೆಯ ಆಚೆ ದಡದಲ್ಲಿದೆ, ದೋಣಿಯಲ್ಲೇ ದಾಟುವುದರಿಂದ ಗೆಸ್ಟ್ ಅದನ್ನೂ ದ್ವೀಪ ಎಂದೇ ಕರೆಯುತ್ತಾರೆ. ಎಂಟೂ ಮೂವತ್ತೈದಕ್ಕೆ ಯಾಕೆ ಅಂದರೆ, ಒಂಬತ್ತಕ್ಕೆ ಮೈಸೂರು ಕಡೆಯ ಬಸ್ಸುಗಳು ಬಂದು ದೋಣಿಯ ಸಾಲು ರಸ್ತೆಯತನಕ ಬೆಳೆಯುತ್ತದೆ. ಇಪ್ಪತ್ತೈದು ನಿಮಿಷ ಮೊದಲಿದ್ದರೆ ಮೊದಲ ದೋಣಿಗಳಲ್ಲೇ ಜಾಗ, ಆನೆ ನೀರಿಗೆ ಇಳಿಯುವಾಗ ನೀವು ಆಚೆ ದಡದಲ್ಲಿ ಇರುತ್ತೀರಿ. ಆನೆ ಮಗ್ಗುಲಾಗಿ ನೀರಿನಲ್ಲಿ ಮಲಗಿ, ಮಾವುತ ಕಿವಿಯ ಹಿಂದೆ ತಿಕ್ಕುವಾಗ ಕಣ್ಣು ಅರ್ಧ ಮುಚ್ಚುತ್ತದೆ. ಅದನ್ನು ಮೂರು ಅಡಿ ಹತ್ತಿರ ನೋಡಿದ ಮಗು ಉಳಿದ ಜಾಗ ಯಾವುದನ್ನೂ ಕೇಳುವುದಿಲ್ಲ. ಬದಲಿ ಬಟ್ಟೆ, ಟವೆಲ್ ಡಿಕ್ಕಿಯಲ್ಲಿ ಇರಲಿ. ಬೇಸಿಗೆಯಲ್ಲಿ ನೀರಿಳಿದು ಬಂಡೆ ಕಂಡಾಗ ನಡೆದೇ ದಾಟೋಣ ಎನ್ನುವವರಿದ್ದಾರೆ. ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ, ಬಿಡಬೇಡಿ. ದಸರಾ ಹತ್ತಿರವಿರುವಾಗ ಒಳ್ಳೊಳ್ಳೆಯ ಆನೆಗಳು ಮೈಸೂರಿಗೆ ಹೋಗಿರುತ್ತವೆ, ಅದನ್ನು ಬುಕಿಂಗ್ ಹೊತ್ತಿಗೇ ಹೇಳಿಬಿಡಿ.

ನಿಸರ್ಗಧಾಮ ನಿಜವಾದ ದ್ವೀಪ, ಕಾವೇರಿ ಎರಡಾಗಿ ಬಳಸಿ ಹೋಗುವ ಸುಮಾರು 64 ಎಕರೆ. ಕುಶಾಲನಗರಕ್ಕೆ ಎರಡು ಮೂರು ಕಿಲೋಮೀಟರ್ ಮೊದಲೇ ಸಿಗುತ್ತದೆ. ತೂಗುಸೇತುವೆ, ಬಿದಿರು, ಜಿಂಕೆ, ಒಂದೂವರೆ ಗಂಟೆ ಸಾಕು. ಹೊಳೆಗೆ ಇಳಿಯಬೇಡಿ ಎಂದು ಬೋರ್ಡ್ ಇರುವ ಕಡೆ ಇಳಿಯಬಾರದು, ಸುಳಿ ಇದೆ. ಭಾನುವಾರವಾದರೆ ಮಾತ್ರ ಇದನ್ನು ಊಟದ ನಂತರಕ್ಕೆ ತಳ್ಳಿ ಬೈಲಕುಪ್ಪೆಯನ್ನು ಮುಂಚೆ ಮಾಡಿಸುತ್ತೇನೆ. ಭಾನುವಾರ ಮಧ್ಯಾಹ್ನ ಕುಶಾಲನಗರದಾಚೆಯ ಕೊಪ್ಪದಿಂದ ಬೈಲಕುಪ್ಪೆಯ ಗೋಲ್ಡನ್ ಟೆಂಪಲಿನವರೆಗೆ ಗಾಡಿ ತೆವಳುತ್ತದೆ.

ಊಟ ಕುಶಾಲನಗರದಲ್ಲಿ ಅಥವಾ ಬೈಲಕುಪ್ಪೆಯಲ್ಲಿ ಮೊಮೊ, ತುಕ್ಪಾ. ಕೊಡಗಿನ ಪಂದಿ ಕರಿ (ಹಂದಿ ಮಾಂಸದ್ದು), ಕಡಂಬುಟ್ಟು (ಅಕ್ಕಿ ಉಂಡೆ) ದಾರಿಯಲ್ಲಿ ಹುಡುಕಲು ಹೋಗಬೇಡಿ, ರಾತ್ರಿ ಮನೆಯಲ್ಲೇ ಮಾಡಿ ಹಾಕಿ. ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಕರ್ನಾಟಕದ ಒಳಗೇ ಇರುವುದರಿಂದ ಪರ್ಮಿಟ್ ತಲೆನೋವಿಲ್ಲ. ವಯನಾಡಿಗೋ ಕಣ್ಣೂರಿಗೋ ಹೋಗುವುದಾದರೆ ಅದರ ಲೆಕ್ಕವೇ ಬೇರೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಮುಂಜಾವಿಗೆ ಮಾಂದಲಪಟ್ಟಿ, ಆಮೇಲೆ ದುಬಾರೆ. ಮಾಂದಲಪಟ್ಟಿಯ ಕೊನೆಯ ದಾರಿಗೆ ಜೀಪೇ ಬೇಕು, ಕಾರು ಕೆಳಗೆ ಕಾಯಬೇಕು, ಎರಡು ಬಾಡಿಗೆ. ಸೂರ್ಯೋದಯ ಸಿಕ್ಕಿತು, ಆನೆ ಸ್ನಾನ ತಪ್ಪಿತು. ಬಿಟ್ಟೆ. ಕುಶಾಲನಗರದವರೆಗೆ ಬಸ್ಸು, ಅಲ್ಲಿಂದ ಆಟೋ ಎಂದೂ ನೋಡಿದೆ. ಇಬ್ಬರೇ ಇದ್ದರೆ 1,400ರಲ್ಲಿ ಮುಗಿಯುತ್ತದೆ, ಚಿಕ್ಲಿಹೊಳೆ ಬಿಡಬೇಕಾಗುತ್ತದೆ. ಕಾಲೇಜು ಹುಡುಗರಿಗೆ ಈಗಲೂ ಇದನ್ನೇ ಹೇಳುತ್ತೇನೆ.

ಚಿಕ್ಲಿಹೊಳೆಯನ್ನು ಕೊನೆಗೆ ಇಟ್ಟದ್ದು ನನ್ನದೇ ಯೋಚನೆ, ಹೆಮ್ಮೆಯಿಂದಲೇ ಹೇಳುತ್ತೇನೆ. ಎಲ್ಲರೂ ಸಂಜೆಗೆ ಮಡಿಕೇರಿಯ ರಾಜಾಸೀಟ್ ಎನ್ನುತ್ತಾರೆ. ಅಲ್ಲಿಗೆ ಐದೂವರೆಗೆ ಹೋದರೆ ಪಾರ್ಕಿಂಗಿಗೇ ಅರ್ಧ ಗಂಟೆ. ಚಿಕ್ಲಿಹೊಳೆ ಗುಡ್ಡೆಹೊಸೂರು ಸಿದ್ದಾಪುರ ರಸ್ತೆಯಿಂದ ಒಳಕ್ಕೆ, ಬೈಲಕುಪ್ಪೆಯಿಂದ ಮುಕ್ಕಾಲು ಗಂಟೆ. ಮಳೆ ಮುಗಿದ ತಿಂಗಳುಗಳಲ್ಲಿ ಅರ್ಧಚಂದ್ರದ ಕಟ್ಟೆಯ ಸುತ್ತ ನೀರು ಒಂದೇ ಸಮನೆ ಒಳಕ್ಕೆ ಜಾರುತ್ತಿರುತ್ತದೆ, ಹಿಂದೆ ಬೆಟ್ಟದ ಮೇಲೆ ಬೆಳಕು ಕೆಂಪಾಗುತ್ತದೆ. ಅಂಚಿನ ಮೇಲೆ ನಡೆಯಲು ಬಿಡಬೇಡಿ. ಆರೂ ಹತ್ತು ಅಂದರೆ ಆರೂ ಹತ್ತು: ಆ ತೋಟದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾಡಾನೆ ಬರುತ್ತವೆ. ಎದುರಾದರೆ ಹಾರ್ನ್ ಬೇಡ, ಇಳಿಯುವುದು ಬೇಡ, ಗಾಡಿ ದೂರದಲ್ಲೇ ನಿಲ್ಲಿಸಿ, ದಾರಿ ಇದ್ದರೆ ನಿಧಾನ ಹಿಂದಕ್ಕೆ. ಹೋಗುವ ದಾರಿಯಲ್ಲಿ ಹೊಳೆ ಕಾಣುವ ಒಂದು ಜಾಗದಲ್ಲಿ ಹತ್ತು ನಿಮಿಷ ನಿಲ್ಲಿಸುತ್ತೇವೆ, ಗೆಸ್ಟ್ ಹೆಚ್ಚು ಫೋಟೋ ತೆಗೆಯುವುದು ಅಲ್ಲೇ. ಆ ಜಾಗ ನನ್ನ ಡ್ರೈವರ್‌ಗಳಿಗೆ ಗೊತ್ತು, ಇಲ್ಲಿ ಹೆಸರು ಬೇಡ.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಚೀಟಿ ನಡೆಯುವುದಿಲ್ಲ. ಹೊಳೆ ಏರಿದರೆ ದುಬಾರೆ ದೋಣಿ ನಿಲ್ಲುತ್ತದೆ, ನಿಸರ್ಗಧಾಮದ ಗೇಟ್ ಹಾಕುತ್ತಾರೆ. 2018ರ ಆಗಸ್ಟಿನ ಭೂಕುಸಿತ ಕಂಡವರು ಮಳೆಯಲ್ಲಿ ರಸ್ತೆಯ ಮೇಲೆ ಹಟ ಮಾಡುವುದಿಲ್ಲ. ಆಗ ಹಿಂದಿನ ರಾತ್ರಿ ಎಂಟಕ್ಕೆ ಒಂದು ಫೋನ್, ಬೆಳಿಗ್ಗೆ ಆರೂವರೆಗೆ ಇನ್ನೊಂದು. ಎರಡೂ ಮುಚ್ಚಿದ್ದರೆ ಬೈಲಕುಪ್ಪೆ, ಮಡಿಕೇರಿ ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜರ ಸಮಾಧಿ ಇರುವ ಗದ್ದಿಗೆ ಎಂದು ಅರ್ಧ ದಿನ ಮಾಡಿ 2,000ಕ್ಕೆ ಇಳಿಸುತ್ತೇನೆ. ಡ್ರೈವರಿಗೆ 300 ಆಗಲೂ ಕೊಡುತ್ತೇನೆ. ಮಳೆಗಾಲದಲ್ಲಿ ಅದನ್ನು ಕಡಿತ ಮಾಡಿದವರ ಗಾಡಿಗೆ ಡಿಸೆಂಬರಿನಲ್ಲಿ ಒಳ್ಳೆಯ ಡ್ರೈವರ್ ಸಿಗುವುದಿಲ್ಲ.