ಕಡಲೆಕಾಯಿ ಬಿತ್ತನೆ ಬೀಜವನ್ನು ನಾನು ಹೊಲದಲ್ಲೇ ಮಾಡಿಕೊಳ್ಳುವ ರೀತಿ

ನಮ್ಮ ಪಾವಗಡ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವವರಿಗೆ ದೊಡ್ಡ ಖರ್ಚು ಅಂದರೆ ಬಿತ್ತನೆ ಬೀಜವೇ. ಎಕರೆಗೆ ಸುಮಾರು 50 ಕೆಜಿ ಕಾಳು ಬೇಕು. ನಾನಂತೂ ಮನೆ ಬೀಜವನ್ನೇ ಬಿತ್ತುತ್ತೇನೆ. ಕಡಲೆಕಾಯಿ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗಿ ತಳಿ ಬೆರಕೆಯಾಗುವ ಭಯ ಕಡಿಮೆ. ಆದರೆ ತಳಿ ಶುದ್ಧವಾಗಿದ್ದರೆ ಸಾಲದು, ಬೀಜ ಗಟ್ಟಿಯಾಗಿರಬೇಕು. ಆ ಗಟ್ಟಿತನ ಚೀಲಕ್ಕೆ ತುಂಬುವಾಗ ಬರುವುದಿಲ್ಲ, ಮಣ್ಣೊಳಗೇ ತೀರ್ಮಾನವಾಗಿರುತ್ತದೆ.

ಹೂವು ಬೆಳಿಗ್ಗೆ ಅರಳಿ ಅವತ್ತೇ ಬಾಡುತ್ತದೆ. ಅಷ್ಟರಲ್ಲಿ ಬೀಜದ ಭ್ರೂಣ ಹುಟ್ಟಿರುತ್ತದೆ. ಆದರೆ ನಾಲ್ಕಾರು ಕೋಶ ಆಗುತ್ತಲೇ ಅದರ ಬೆಳವಣಿಗೆ ನಿಲ್ಲುತ್ತದೆ. ಅದನ್ನು ತುದಿಯಲ್ಲಿ ಹೊತ್ತ ಸೂಜಿಯಂಥ ಕಡ್ಡಿ ಮಾತ್ರ ನೆಲದ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಮಣ್ಣೊಳಗೆ ಹೊಕ್ಕು ಕತ್ತಲೆ ಸಿಕ್ಕ ಮೇಲೆಯೇ ಭ್ರೂಣ ಮತ್ತೆ ಬೆಳೆಯಲು ಶುರು ಮಾಡುವುದು. ಬೆಳಕಿನಲ್ಲೇ ಉಳಿದ ಸೂಜಿ ಕಾಯಾಗುವುದಿಲ್ಲ. ಅದಕ್ಕೇ ನಾನು ಸೂಜಿ ಇಳಿಯುವ ಮೊದಲೇ ಎಡೆಕುಂಟೆ ಮುಗಿಸಿ, ಬುಡಕ್ಕೆ ಮೆತ್ತನೆ ಮಣ್ಣು ಏರಿಸಿಬಿಡುತ್ತೇನೆ. ಆಮೇಲೆ ಹೊಲಕ್ಕೆ ಕುಂಟೆ ಇಳಿಸುವುದಿಲ್ಲ.

ಆ ಹೊತ್ತಿಗೇ ಎಕರೆಗೆ 200 ಕೆಜಿ ಜಿಪ್ಸಂ ಹಾಕುತ್ತೇನೆ. ಕಾಯಿಗೆ ಬೇಕಾದ ಸುಣ್ಣದ ಅಂಶ (ಕ್ಯಾಲ್ಸಿಯಂ) ಅದರಲ್ಲಿದೆ. ಬೇರು ಹೀರಿದ ಸುಣ್ಣದ ಅಂಶ ನೀರಿನ ಜೊತೆ ಎಲೆಗೆ ಹೋಗುತ್ತದೆ, ಯಾಕೆಂದರೆ ನೀರು ಆವಿಯಾಗುವುದು ಅಲ್ಲಿ. ಮಣ್ಣೊಳಗಿನ ಕಾಯಿಗೆ ಅದು ಹೆಚ್ಚುಕಮ್ಮಿ ಬರುವುದೇ ಇಲ್ಲ. ಕಾಯಿ ತನ್ನ ಸಿಪ್ಪೆಯ ಮೂಲಕವೇ ಸುತ್ತಲಿನ ಮಣ್ಣಿನಿಂದ ಹೀರಬೇಕು. ಸಿಗದಿದ್ದರೆ ಸಿಪ್ಪೆ ದೊಡ್ಡದಾಗಿ ಒಳಗೆ ಜೊಳ್ಳು. ಕಾಳು ಕಟ್ಟಿದರೂ ಒಳಗಿನ ಮೊಳಕೆ ಕಪ್ಪಾಗಿರುತ್ತದೆ. ಎಣ್ಣೆಗೆ ಅದು ನಡೆದೀತು, ಬಿತ್ತನೆಗೆ ನಡೆಯುವುದಿಲ್ಲ.

ಈಗ ಮುಖ್ಯ ವಿಷಯ, ಬೀಜದ ನಿದ್ದೆ. ಹಿಂದೆ ಹಬ್ಬುವ ಕಡಲೆಕಾಯಿ ಇತ್ತಲ್ವಾ, ಅದನ್ನು ಕಿತ್ತು ಎರಡು ತಿಂಗಳಾದರೂ ಮೊಳಕೆ ಬರುತ್ತಿರಲಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಟಿಎಂವಿ-2 ತಳಿ ಗೊಂಚಲು ಜಾತಿಯದು. ಅದಕ್ಕೆ ಆ ನಿದ್ದೆ ಇಲ್ಲವೇ ಇಲ್ಲ ಎನ್ನಬೇಕು. ಬಲಿತ ಮೇಲೆ ಮಳೆ ಹಿಡಿದರೆ ಗಿಡದಲ್ಲಿರುವಾಗಲೇ ಮೊಳೆಯುತ್ತದೆ. ಈ ವ್ಯತ್ಯಾಸ ಜೀನ್‌ಗಳಲ್ಲೇ ಇದೆ. ಹಾಗಾಗಿ ಎರಡು ಜಾತಿಗಳನ್ನು ಕೂಡಿಸಿ, ಗೊಂಚಲು ಗಿಡಕ್ಕೂ ಸ್ವಲ್ಪ ನಿದ್ದೆ ಬರುವಂತೆ ಮಾಡಬಹುದು. ಮಳೆಯ ನೆಚ್ಚಿಕೆ ಇಲ್ಲದ ನಮ್ಮಂಥ ಊರಿಗೆ ಇಂಥ ತಳಿ ತುಂಬಾ ಬೇಕು.

ನಿದ್ದೆ ಬರಿಸುವುದು ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು. ಎಬ್ಬಿಸುವ ಕಡೆ ಜಿಬ್ಬರೆಲಿನ್, ಎಥಿಲೀನ್ ಇವೆ. 1960ರ ದಶಕದಲ್ಲಿ ಹತ್ತಿ ಕಾಯಿ ಯಾಕೆ ಉದುರುತ್ತದೆ ಎಂದು ಹುಡುಕುತ್ತಿದ್ದವರಿಗೆ ಈ ಅಬ್ಸಿಸಿಕ್ ಆಮ್ಲ ಸಿಕ್ಕಿತು. ಮುಸುಕಿನ ಜೋಳದಲ್ಲಿ ಇದನ್ನು ತಯಾರಿಸುವ ಜೀನ್ ಕೆಟ್ಟರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ನಿದ್ದೆಯಲ್ಲಿರುವ ಕಡಲೆಕಾಯಿ ಬೀಜ ಎಥಿಲೀನ್ ಬಿಡುವುದು ತೀರಾ ಕಡಿಮೆ. ಅದಕ್ಕೇ ಹಬ್ಬುವ ಜಾತಿಯ ಬೀಜವನ್ನು ಬೇಗ ಬಿತ್ತಬೇಕಾದರೆ ಎಥಿಲೀನ್ ಬಿಡುವ ಎಥ್ರೆಲ್ ಎಂಬ ಔಷಧಿಯಿಂದ ಎಬ್ಬಿಸುತ್ತಾರೆ.

ಈ ಹಾರ್ಮೋನಿಗೆ ಇನ್ನೊಂದು ಕೆಲಸವೂ ಇದೆ. ಕಾಳು ಎಣ್ಣೆ, ಪ್ರೋಟೀನ್ ತುಂಬಿಕೊಳ್ಳುವಾಗ, ಒಣಗಿದರೂ ಸಾಯದಂತೆ ಅದನ್ನು ಸಿದ್ಧ ಮಾಡುವುದೂ ಇದೇ. ಎಳೆ ಕಾಳಿನಲ್ಲಿ ಆ ಸಿದ್ಧತೆ ಮುಗಿದಿರುವುದಿಲ್ಲ. ಒಣಗಿಸಿದರೆ ಸುಕ್ಕಾಗುತ್ತದೆ, ಮುಂದಿನ ಮಳೆಗಾಲದವರೆಗೆ ಜೀವ ಹಿಡಿಯುವುದಿಲ್ಲ. ಬೇಗ ಕಿತ್ತರೆ ಎಳಸು, ತಡ ಮಾಡಿದರೆ ಮೊಳಕೆ. ನಡುವೆ ಸಿಗುವ ದಿನ ಬಹಳ ಕಡಿಮೆ.

ಆ ದಿನ ಹಿಡಿಯುವುದನ್ನು ನಾನು ಅಮ್ಮನಿಂದ ಕಲಿತೆ. ಬಿತ್ತಿ ನೂರು ದಿನ ಆಗುತ್ತಿದ್ದಂತೆ ಹೊಲದ ನಾಲ್ಕೂ ಕಡೆಯಿಂದ ಒಂದೊಂದು ಗಿಡ ಕೀಳುತ್ತಾರೆ. ಕಾಯಿ ಎಲ್ಲಾ ಒಡೆದು ಸಿಪ್ಪೆಯ ಒಳಮೈ ನೋಡುತ್ತಾರೆ. ಬೆಳ್ಳಗಿದ್ದರೆ "ಇನ್ನೂ ಎಳಸು ಕಣೋ, ತಡಿ" ಅನ್ನುತ್ತಾರೆ. ನಾಲ್ಕರಲ್ಲಿ ಮೂರು ಪಾಲು ಕಾಯಿಯ ಒಳಮೈ ಕಂದು, ಕಪ್ಪು ತಿರುಗಿರಬೇಕು. ಮೇಲೆ ಎಲೆ ಹಳದಿಯಾದದ್ದನ್ನು ಅವರು ನಂಬುವುದಿಲ್ಲ. ಎಲೆ ಚುಕ್ಕೆ ರೋಗಕ್ಕೂ ಹಳದಿಯಾಗುತ್ತದಲ್ಲ. ಬೀಜಕ್ಕೆಂದು ಬಿಟ್ಟ ಹೊಲದ ಪಟ್ಟಿ ಬಲಿತು ಮೋಡ ಕಟ್ಟಿದ್ದರೆ ನಾನು ಉಳಿದ ಹೊಲ ಬಿಟ್ಟು ಮೊದಲು ಅದನ್ನೇ ಕೀಳಿಸುತ್ತೇನೆ.

ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ಮಗುಚಿ ಇಡಬೇಕು. ಗಾಳಿ ಆಡುತ್ತದೆ, ಕಾಯಿಗೆ ನೆಲದ ತೇವ ತಾಕುವುದಿಲ್ಲ. ಕಾಯಿ ಬಿಡಿಸಿದ ಮೇಲೆ ಅಲ್ಲಾಡಿಸಿದರೆ ಗಲಗಲ ಅನ್ನುವ ತನಕ ಒಣಗಿಸುತ್ತೇನೆ. ಸುಡು ಬಿಸಿಲಲ್ಲಿ ಕಾದ ಸಿಮೆಂಟ್ ಕಣಕ್ಕೆ ಮಾತ್ರ ಹಾಕುವುದಿಲ್ಲ.

ಸಿಪ್ಪೆ ಸಮೇತವೇ ಚೀಲಕ್ಕೆ ತುಂಬಿ ಹಲಗೆ ಮೇಲೆ ಇಡುತ್ತೇನೆ. ಬಿತ್ತನೆ ಹತ್ತಿರ ಬಂದಾಗಲೇ ಕೈಯಲ್ಲಿ ಸುಲಿಯುವುದು. ಕೆಂಪು ಸಿಪ್ಪೆ ಹರಿದ ಕಾಳು, ಎರಡು ಬೇಳೆಯಾದ ಕಾಳು ಬೀಜವಲ್ಲ.

ಬಿತ್ತುವ ಮುಂಚೆ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತೇವೆ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ 70 ಮೊಳಕೆ ಇರಬೇಕೆಂಬ ನಿಯಮವಿದೆ. ನಾನೂ ಅದನ್ನೇ ಅಳತೆ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಕಡಿಮೆ ಬಂದ ಚೀಲ ಗಾಣಕ್ಕೆ ಹೋಗುತ್ತದೆ.